ಸಾಮಾಯಿಕದ 48 ನಿಮಿಷ ಯಾರ ಖಾತೆಯದು?

ಬಸದಿಗೆ ಬರುವುದು ಏಕೆ ನಿಂತಿತು, ಸ್ವಾಧ್ಯಾಯ ಏಕೆ ತಪ್ಪಿತು ಎಂದು ಯಾರನ್ನು ಕೇಳಿದರೂ ದೊರೆಯುವ ಉತ್ತರ ಒಂದೇ: "ಸಮಯ ಸಿಗುವುದಿಲ್ಲ." ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ, ದೆಹಲಿಗಳಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳ ಮಟ್ಟಿಗೆ ಈ ಉತ್ತರ ಸುಳ್ಳಲ್ಲ. ಊರಿನಲ್ಲಿ ಬಸದಿಯ ಗಂಟೆಯ ನಾದ ಅಡುಗೆಮನೆಯವರೆಗೆ ಕೇಳಿಸುತ್ತಿತ್ತು. ಇಲ್ಲಿ ಬಸದಿಯನ್ನು ತಲುಪಲು ಅನೇಕರು ಒಂದು ರೈಲು, ಒಂದು ರಿಕ್ಷಾ ಹಿಡಿಯಬೇಕು. ಪ್ರವಚನಗಳಲ್ಲಿ ಇದಕ್ಕೆ ಪ್ರತಿವರ್ಷವೂ ಕೇಳಿಬರುವ ಪರಿಹಾರವೂ ಒಂದೇ: ಒಂದು ಗಂಟೆ ಮೊದಲು ಏಳಿರಿ, ಮೊಬೈಲನ್ನು ದೂರವಿಡಿರಿ, ಮನಸ್ಸಿದ್ದವರಿಗೆ ಸಮಯವಿದ್ದೇ ಇರುತ್ತದೆ. ಈ ಉಪದೇಶವೂ ಸುಳ್ಳಲ್ಲ.

ಆದರೆ ಈ ಪ್ರಶ್ನೆಯೂ ಈ ಉತ್ತರವೂ ಸಮಯವನ್ನು ವ್ಯಕ್ತಿಯ ಸ್ವಂತ ಗಳಿಕೆಯೆಂದು ಭಾವಿಸಿಕೊಂಡಿವೆ. ನನ್ನ ಜೇಬಿನ ಹಣವನ್ನು ನಾನು ಎಣಿಸಿದಂತೆ ನನ್ನ ಗಂಟೆಗಳನ್ನು ನಾನೇ ಎಣಿಸಿ, ಅದರಲ್ಲಿ ಒಂದಿಷ್ಟನ್ನು ದೇವರ ಹುಂಡಿಗೆ ಹಾಕುತ್ತೇನೆಂಬ ಭಾವನೆ ಅದರ ಹಿಂದಿದೆ. ವಾಸ್ತವ ಹಾಗಿಲ್ಲ. ಒಂದು ಮನೆಯಲ್ಲಿ, ಒಂದು ಅಂಗಡಿಯಲ್ಲಿ, ಒಂದು ಕಚೇರಿಯಲ್ಲಿ ಒಬ್ಬನಿಗೆ ಒಂದು ಗಂಟೆ ಬಿಡುವಾಯಿತೆಂದರೆ ಆ ಗಂಟೆಯ ಕೆಲಸವನ್ನು ಬಹುಮಟ್ಟಿಗೆ ಮತ್ತೊಬ್ಬರು ಹೊತ್ತಿರುತ್ತಾರೆ. ಲೆಕ್ಕಪತ್ರದಲ್ಲಿ ಪ್ರತಿಯೊಂದು ಜಮೆಗೂ ಎದುರಿಗೆ ಒಂದು ಖರ್ಚು ಇರಲೇಬೇಕೆಂಬುದು ನನ್ನ ವೃತ್ತಿ ಕಲಿಸಿದ ಮೊದಲ ಪಾಠ. ಧರ್ಮಕ್ಕೆ ಮೀಸಲಿಟ್ಟ ಸಮಯಕ್ಕೂ ಈ ನಿಯಮ ಅನ್ವಯಿಸುತ್ತದೆ. ಆದ್ದರಿಂದ ಸಮಾಜದ ಮುಂದೆ ನಾನು ಇಡಬಯಸುವ ಪ್ರಶ್ನೆ ಇದು: ನಾವು ಜಿನೇಶ್ವರನ ಮುಂದೆ ಕುಳಿತು ಕಳೆಯುವ ಆ ಒಂದು ಮುಹೂರ್ತ ಯಾರ ಖಾತೆಯಿಂದ ಬಂದದ್ದು?

ಸಮಯವೆಂದರೆ ಏನು?

ದೇವರಿಗೆ ಸಮಯ ಕೊಡುತ್ತೇವೆ ಎಂಬ ಮಾತು ನಮ್ಮ ಸಿದ್ಧಾಂತಕ್ಕೆ ಪೂರ್ಣವಾಗಿ ಹೊಂದುವುದಿಲ್ಲ. ವೀತರಾಗನಾದ ಜಿನನು ನಮ್ಮಿಂದ ಏನನ್ನೂ ಸ್ವೀಕರಿಸುವುದಿಲ್ಲ. ಹೋಗದಿದ್ದರೆ ಮುನಿಯುವುದೂ ಇಲ್ಲ, ಹೋದರೆ ಒಲಿಯುವುದೂ ಇಲ್ಲ. ಅವನ ಮುಂದೆ ಕಳೆದ ಹೊತ್ತಿನ ಫಲವೆಲ್ಲ ಕುಳಿತವನ ಪರಿಣಾಮಗಳಲ್ಲಿಯೇ ಇದೆ. ನಮ್ಮ ಆಚಾರ್ಯರು 'ಸಮಯ' ಎಂಬ ಶಬ್ದವನ್ನು ಎರಡು ಅರ್ಥಗಳಲ್ಲಿ ಬಳಸಿದ್ದಾರೆಂಬುದು ಇಲ್ಲಿ ಗಮನಾರ್ಹ. ಕಾಲದ ಅತ್ಯಂತ ಸೂಕ್ಷ್ಮವಾದ, ಮತ್ತೆ ಭಾಗಿಸಲಾಗದ ಅಂಶಕ್ಕೆ ಸಮಯವೆಂದು ಹೆಸರು. ಕುಂದಕುಂದಾಚಾರ್ಯರ 'ಸಮಯಸಾರ'ದಲ್ಲಿಯಾದರೋ ಸಮಯವೆಂದರೆ ಆತ್ಮ. ಕಾಲವನ್ನೂ ಆತ್ಮವನ್ನೂ ಒಂದೇ ಶಬ್ದದಿಂದ ಕರೆದ ಪರಂಪರೆಯಲ್ಲಿ ಒಬ್ಬರ ಸಮಯವನ್ನು ಕಿತ್ತುಕೊಳ್ಳುವುದು ಸಣ್ಣ ವಿಷಯವಾಗಲಾರದು.

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಸಾಮಾಯಿಕವು ಶಿಕ್ಷಾವ್ರತಗಳಲ್ಲೊಂದು. ಹನ್ನೊಂದು ಪ್ರತಿಮೆಗಳಲ್ಲಿ ಮೂರನೆಯದೂ ಅದೇ. ರೂಢಿಯಲ್ಲಿ ಅದರ ಅವಧಿ ಒಂದು ಮುಹೂರ್ತ, ಅಂದರೆ 48 ನಿಮಿಷ. ಇಷ್ಟನ್ನು ನಮ್ಮ ಮಕ್ಕಳೂ ಬಲ್ಲರು. ನಾವು ಮರೆಯುವುದು ಅದರ ನಿಬಂಧನೆಯನ್ನು. ಸಮಂತಭದ್ರಾಚಾರ್ಯರ 'ರತ್ನಕರಂಡಕ ಶ್ರಾವಕಾಚಾರ'ವು ಸಾಮಾಯಿಕವನ್ನು ಜಪದ ಎಣಿಕೆಯಿಂದ ಅಳೆಯುವುದಿಲ್ಲ. ನಿಗದಿಪಡಿಸಿಕೊಂಡ ಅವಧಿಯವರೆಗೆ ಐದು ಪಾಪಗಳನ್ನು ಸಂಪೂರ್ಣವಾಗಿ ತ್ಯಜಿಸುವುದೇ ಸಾಮಾಯಿಕವೆಂದು ಅದು ನಿರೂಪಿಸುತ್ತದೆ. ಸಂಪೂರ್ಣವಾಗಿ ಎಂದರೆ ಮನಸ್ಸು, ಮಾತು, ದೇಹಗಳಿಂದ. ಹಾಗೆಯೇ ಕೃತ, ಕಾರಿತ, ಅನುಮೋದನಗಳಿಂದ. ತಾನು ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡುವವರನ್ನು ಒಪ್ಪಿಕೊಳ್ಳುವುದು ಈ ಮೂರೂ ಒಂದೇ ತಕ್ಕಡಿಯಲ್ಲಿ ತೂಗಲ್ಪಡುತ್ತವೆ.

ಈ 'ಕಾರಿತ' ಎಂಬ ಒಂದು ಶಬ್ದವೇ ನಮ್ಮ ನೆಮ್ಮದಿಯನ್ನು ಕದಡಲು ಸಾಕು. ನಾನು ಕಣ್ಣುಮುಚ್ಚಿ ಕುಳಿತಿರುವಾಗ ನನ್ನ ಆಜ್ಞೆಯಿಂದ, ನನ್ನ ಅನುಕೂಲಕ್ಕಾಗಿ, ಶಕ್ತಿಮೀರಿ ಯಾರಾದರೂ ದುಡಿಯುತ್ತಿದ್ದರೆ ನನ್ನ ಕೈ ನಿಂತಿರಬಹುದು, ನನ್ನ ಕಾರಿತ ನಿಂತಿಲ್ಲ. ಹಾಗಾದರೆ ಆ 48 ನಿಮಿಷ ಸಾಮಾಯಿಕವಾಯಿತೇ?

ಮನೆಯ ಖಾತೆ

ಮೊದಲು ಮನೆಯ ಲೆಕ್ಕವನ್ನೇ ನೋಡೋಣ. ದಿನವೊಂದಕ್ಕೆ 30 ಮುಹೂರ್ತ. ಮಹಾನಗರದ ಒಬ್ಬ ನೌಕರ ಕಚೇರಿಯಲ್ಲಿ ಹತ್ತು ಗಂಟೆ, ಪ್ರಯಾಣದಲ್ಲಿ ಮೂರು ಗಂಟೆ, ನಿದ್ರೆಯಲ್ಲಿ ಏಳು ಗಂಟೆ ಕಳೆಯುತ್ತಾನೆಂದು ಇಟ್ಟುಕೊಳ್ಳಿ. ಅಲ್ಲಿಗೆ 25 ಮುಹೂರ್ತಗಳು ಸಂದುಹೋದವು. ಉಳಿದದ್ದು ಐದು. ಸ್ನಾನ, ಊಟ, ಮಕ್ಕಳು, ಸಾಮಾನು, ಬಂಧುಗಳು ಎಲ್ಲವೂ ಈ ಐದರಲ್ಲಿಯೇ. ಆ ಐದರಲ್ಲಿ ಒಂದನ್ನು ಆತ ಸಾಮಾಯಿಕಕ್ಕೆ ಮೀಸಲಿಟ್ಟರೆ ಅದು ನಿಜವಾಗಿಯೂ ಪ್ರಶಂಸೆಗೆ ಅರ್ಹವಾದದ್ದು.

ಅದೇ ಮನೆಯ ಗೃಹಿಣಿಯ ಪುಟವನ್ನು ತೆರೆದು ನೋಡಿದರೆ ಎರಡನೆಯ ಲೆಕ್ಕ ಕಾಣುತ್ತದೆ. ಜೈನ ಮನೆಯ ಅಡುಗೆ ಇತರ ಮನೆಗಳ ಅಡುಗೆಗಿಂತ ಹೆಚ್ಚು ಗಡಿಯಾರಕ್ಕೆ ಕಟ್ಟಿಹಾಕಿದ್ದು. ನೀರನ್ನು ಸೋಸಿ ಕಾಯಿಸಬೇಕು; ಕಾಳು, ಹಿಟ್ಟು, ಸೊಪ್ಪುಗಳನ್ನು ಜೀವಜಂತುಗಳಿಲ್ಲದಂತೆ ನೋಡಿ ಆರಿಸಬೇಕು; ಮರ್ಯಾದೆ ಮೀರಿದ ಪದಾರ್ಥವನ್ನು ಬಳಸುವಂತಿಲ್ಲ. ಇವೆಲ್ಲಕ್ಕಿಂತ ಮಿಗಿಲಾಗಿ ಹೊತ್ತು ಮುಳುಗುವ ಮೊದಲು ಊಟವಾಗಬೇಕು. ಡಿಸೆಂಬರಿನ ಮುಂಬೈಯಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯಾಸ್ತ. ಆ ಹೊತ್ತಿಗೆ ಗಂಡ ಇನ್ನೂ ಕಚೇರಿಯಲ್ಲಿ, ಮಗಳು ಟ್ಯೂಷನ್ನಿನಲ್ಲಿ. ಆದ್ದರಿಂದ ಬೆಳಿಗ್ಗೆಯೇ ಎರಡು ಹೊತ್ತಿನ ಡಬ್ಬಿ ಸಿದ್ಧವಾಗಬೇಕು, ಸಂಜೆ ಐದಕ್ಕೆ ಅತ್ತೆಮಾವಂದಿರಿಗೆ ಬಿಸಿ ಅಡುಗೆಯಾಗಬೇಕು. ಆಕೆಯೂ ನೌಕರಿಯಲ್ಲಿದ್ದರಂತೂ ಇವೆಲ್ಲ ನಸುಕಿನ ನಾಲ್ಕೂವರೆಗೇ ಆರಂಭವಾಗಬೇಕು.

ಈ ಆಚರಣೆಗಳನ್ನು ನಾನು ಅಲ್ಲಗಳೆಯುತ್ತಿಲ್ಲ. ಅಹಿಂಸೆಯನ್ನು ಊಟದ ತಟ್ಟೆಯವರೆಗೆ ತಂದ ಧರ್ಮ ನಮ್ಮದೆಂಬ ಹೆಮ್ಮೆ ನನಗೂ ಇದೆ. ಆದರೆ ಕುಟುಂಬದ ಎಲ್ಲರೂ ಪಾಲಿಸುವ ಒಂದು ವ್ರತದ ಸಮಯದ ವೆಚ್ಚವನ್ನು ಒಬ್ಬಳೇ ಭರಿಸುತ್ತಿದ್ದಾಳೆಂಬುದು ಲೆಕ್ಕದಲ್ಲಿ ಕಾಣಬೇಡವೇ? ಪುಣ್ಯದ ಜಮೆ ಎಲ್ಲರ ಹೆಸರಿನಲ್ಲಿ, ಖರ್ಚು ಮಾತ್ರ ಒಬ್ಬಳ ಹೆಸರಿನಲ್ಲಿ. ದಶಲಕ್ಷಣ ಪರ್ವದ ಹತ್ತು ದಿನ ಗಂಡಸರು ಧೋತಿ ಉಟ್ಟು ಅಭಿಷೇಕಕ್ಕೆ ಹೊರಡುವಾಗ, ಏಕಾಶನ ಮಾಡುವವರಿಗೆ ಒಂದು ಹೊತ್ತು, ಉಪವಾಸ ಬಿಡುವವರಿಗೆ ಪಾರಣೆ, ಮಕ್ಕಳಿಗೆ ಶಾಲೆಯ ಡಬ್ಬಿ ಎಂದು ಅಡುಗೆಮನೆಯಲ್ಲಿ ಉಳಿಯುವವಳಿಗೆ ಪರ್ವವೆಂದರೆ ಹೆಚ್ಚಿನ ಕೆಲಸ. ಅವಳೂ ಉಪವಾಸವಿದ್ದರೂ ಒಲೆಯ ಮುಂದೆ ನಿಲ್ಲುವುದು ತಪ್ಪುವುದಿಲ್ಲ.

ಅತ್ತಿಮಬ್ಬೆಯ ಹೆಸರನ್ನು ನಾವು ವೇದಿಕೆಗಳಲ್ಲಿ ಅಭಿಮಾನದಿಂದ ಹೇಳುತ್ತೇವೆ. ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅವಳು. ಗ್ರಂಥದ ಬೆಲೆಯನ್ನು ಅರಿತ ಆ ತಾಯಿಯ ಹೆಸರಿನಲ್ಲಿ ಸನ್ಮಾನ ಸಮಾರಂಭ ಮಾಡುವ ನಮಗೆ, ನಮ್ಮ ಮನೆಯ ಹೆಣ್ಣುಮಕ್ಕಳಿಗೆ ದಿನಕ್ಕೆ ಒಂದು ಗ್ರಂಥದ ನಾಲ್ಕು ಪುಟ ಓದುವಷ್ಟು ಬಿಡುವು ಇದೆಯೇ ಎಂದು ಕೇಳುವ ವ್ಯವಧಾನವಿಲ್ಲ.

ಅಂಗಡಿಯ ಮತ್ತು ಕಚೇರಿಯ ಖಾತೆ

ಎರಡನೆಯ ಖಾತೆ ಇನ್ನೂ ಕಠಿಣವಾದದ್ದು. ನಮ್ಮಲ್ಲಿ ಅಂಗಡಿ, ಕಾರ್ಖಾನೆ, ಗುತ್ತಿಗೆ, ವೃತ್ತಿಕಚೇರಿಗಳ ಮಾಲೀಕರು ಅನೇಕರಿದ್ದಾರೆ. ಬೆಳಗಿನ ಪೂಜೆ ತಪ್ಪಿಸದ, ಚತುರ್ದಶಿಯ ಉಪವಾಸ ಬಿಡದ ಮಾಲೀಕರನ್ನು ಸಮಾಜ ಆದರ್ಶ ಶ್ರಾವಕರೆಂದು ಗೌರವಿಸುತ್ತದೆ. ಅವರು ಬಸದಿಯಲ್ಲಿರುವಾಗ ಅಂಗಡಿಯ ಬಾಗಿಲು ತೆರೆದು ಕಸ ಗುಡಿಸಿದವನು, ರಾತ್ರಿ ಅವರು ಪ್ರವಚನಕ್ಕೆ ಹೋದ ಮೇಲೆ ಹತ್ತು ಗಂಟೆಗೆ ಶಟರ್ ಎಳೆದವನು ಯಾರೆಂದು ಗೌರವಿಸುವವರು ಕೇಳುವುದಿಲ್ಲ. ಆ ಹುಡುಗನಿಗೂ ಒಬ್ಬ ದೇವರಿದ್ದಾನೆ. ಅವನಿಗೂ ಒಂದು ಹಬ್ಬ, ಒಬ್ಬ ತಾಯಿ, ಒಂದು ಕೊನೆಯ ಲೋಕಲ್ ರೈಲು ಇದೆ.

ನನ್ನ ವೃತ್ತಿಯ ಕಚೇರಿಗಳೂ ಇದಕ್ಕೆ ಹೊರತಲ್ಲ. ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗಿನ ಪರ್ವ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರಿನಲ್ಲಿ ಬರುತ್ತದೆ. ತೆರಿಗೆ ಲೆಕ್ಕಪರಿಶೋಧನಾ ವರದಿಯ ವಾಡಿಕೆಯ ಗಡುವು ಸೆಪ್ಟೆಂಬರ್ 30. ಆ ವಾರಗಳಲ್ಲಿ ಆರ್ಟಿಕಲ್‌ಶಿಪ್ ಮಾಡುತ್ತಿರುವ ಇಪ್ಪತ್ತು ಇಪ್ಪತ್ತೆರಡರ ಹರೆಯದ ಹುಡುಗ ಹುಡುಗಿಯರು ಮಧ್ಯರಾತ್ರಿಯವರೆಗೆ ಕಂಪ್ಯೂಟರಿನ ಮುಂದೆ ಕುಳಿತಿರುತ್ತಾರೆ. ಹಿರಿಯರು 'ನಾವೂ ಹೀಗೆಯೇ ಕಲಿತದ್ದು' ಎನ್ನುತ್ತಾರೆ. ಏಪ್ರಿಲ್‌ನಲ್ಲಿ ಮುಗಿಯಬೇಕಾದ ಕೆಲಸವನ್ನು ಕಕ್ಷಿದಾರ ಸೆಪ್ಟೆಂಬರಿಗೆ ತಂದುಕೊಡುತ್ತಾನೆ, ಮುಖ್ಯಸ್ಥರು ನಿರಾಕರಿಸುವುದಿಲ್ಲ, ಹೊರೆ ಕೆಳಗಿಳಿದು ಅತ್ಯಂತ ಕಿರಿಯರ ಹೆಗಲ ಮೇಲೆ ನಿಲ್ಲುತ್ತದೆ. ಅವರ ಸ್ವಾಧ್ಯಾಯಕ್ಕೆ, ಅವರ ನಿದ್ರೆಗೆ, ಅವರ ಪರೀಕ್ಷೆಯ ಓದಿಗೆ ಸಮಯ ಸಿಗದಿರುವುದು ಅವರ ಸೋಮಾರಿತನದಿಂದಲ್ಲ.

ಇದಕ್ಕೆ ನಮ್ಮ ಶಾಸ್ತ್ರದಲ್ಲಿ ಹೆಸರಿದೆ. ಉಮಾಸ್ವಾಮಿಗಳ 'ತತ್ತ್ವಾರ್ಥಸೂತ್ರ'ದ ಏಳನೆಯ ಅಧ್ಯಾಯ ವ್ರತಗಳನ್ನೂ ಅವುಗಳ ಅತಿಚಾರಗಳನ್ನೂ ಹೇಳುತ್ತದೆ. ಅಹಿಂಸಾಣುವ್ರತಕ್ಕೆ ತಗಲುವ ಐದು ಅತಿಚಾರಗಳಲ್ಲಿ ಕಟ್ಟುವುದು, ಹೊಡೆಯುವುದು ಮೊದಲಾದವುಗಳ ಜೊತೆಯಲ್ಲಿಯೇ 'ಅತಿಭಾರಾರೋಪಣ' ಸೇರಿದೆ: ಹೊರಲಾಗದಷ್ಟು ಭಾರವನ್ನು ಹೇರುವುದು. ವ್ಯಾಖ್ಯಾನ ಕೇಳುವಾಗ ನಮ್ಮ ಕಣ್ಣಮುಂದೆ ಎತ್ತಿನ ಗಾಡಿ ಬರುತ್ತದೆ. ಗಾಡಿ ಹೋಗಿ ದಶಕಗಳಾದರೂ ಚಿತ್ರ ಬದಲಾಗಿಲ್ಲ. ಆಚೌರ್ಯದ ಅತಿಚಾರಗಳಲ್ಲಿ 'ಹೀನಾಧಿಕ ಮಾನೋನ್ಮಾನ' ಇದೆ: ಕೊಳ್ಳುವಾಗ ದೊಡ್ಡ ಅಳತೆ, ಕೊಡುವಾಗ ಸಣ್ಣ ಅಳತೆ. ಹನ್ನೆರಡು ಗಂಟೆ ದುಡಿಸಿಕೊಂಡು ಎಂಟು ಗಂಟೆಯ ಸಂಬಳ ಕೊಡುವುದಕ್ಕೆ ಇದಕ್ಕಿಂತ ತಕ್ಕ ಹೆಸರು ಇನ್ನಾವುದು? ತಕ್ಕಡಿಯಲ್ಲಿ ಮೋಸ ಮಾಡದ ವ್ಯಾಪಾರಿಯೆಂಬ ಕೀರ್ತಿ ನಮ್ಮ ಹಿರಿಯರದಾಗಿತ್ತು. ಗಡಿಯಾರವೂ ಒಂದು ತಕ್ಕಡಿ ಎಂಬುದನ್ನು ನಾವು ಅರಿತುಕೊಳ್ಳಬೇಕಾಗಿದೆ.

ಇನ್ನೊಂದು ವಿಷಯ. ಅದೇ ಅಧ್ಯಾಯದಲ್ಲಿ ಸಾಮಾಯಿಕದ ಅತಿಚಾರಗಳೂ ಇವೆ. ಮನಸ್ಸು, ಮಾತು, ದೇಹಗಳನ್ನು ಸಲ್ಲದ ಕಡೆ ಹರಿಯಗೊಡುವುದು ಮೂರು. ಅನಾದರ ಮತ್ತು ಮರೆವು ಇನ್ನೆರಡು. ನಮ್ಮ ಪ್ರವಚನಗಳು ಈ ಐದನ್ನು ವಿಸ್ತಾರವಾಗಿ ವಿವರಿಸುತ್ತವೆ. ಅತಿಭಾರಾರೋಪಣದ ಮೇಲೆ ಅಷ್ಟೊಂದು ಸಮಯ ನಿಲ್ಲುವುದಿಲ್ಲ. ಮೊದಲನೆಯದು ಕೇಳುಗನನ್ನು ತಿದ್ದುತ್ತದೆ, ಎರಡನೆಯದು ದಾನಿಯನ್ನು ಮುಜುಗರಕ್ಕೆ ಒಡ್ಡುತ್ತದೆ.

ಏಳನೆಯ ದಿನ, ಏಳನೆಯ ಅಧ್ಯಾಯ

ದಶಲಕ್ಷಣದ ಹತ್ತು ದಿನಗಳಲ್ಲಿ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳನ್ನು ದಿನಕ್ಕೊಂದರಂತೆ ವಾಚಿಸಿ ವಿವರಿಸುವ ಪದ್ಧತಿ ನಮ್ಮ ಬಸದಿಗಳಲ್ಲಿದೆ. 2025ರಲ್ಲಿ ಪರ್ವ ಆಗಸ್ಟ್ 28ರಂದು ಆರಂಭವಾಯಿತು. ಏಳನೆಯ ದಿನ ಸೆಪ್ಟೆಂಬರ್ 3. ಅಂದು ಬುಧವಾರ, ಮಹಾರಾಷ್ಟ್ರದ ಸಚಿವ ಸಂಪುಟ ಖಾಸಗಿ ವಲಯದ ದೈನಿಕ ದುಡಿಮೆಯ ಮಿತಿಯನ್ನು ಹೆಚ್ಚಿಸಲು ಒಪ್ಪಿಗೆ ನೀಡಿತು: ಅಂಗಡಿ ಮತ್ತು ಸಂಸ್ಥೆಗಳಲ್ಲಿ 9 ಗಂಟೆಯಿಂದ 10ಕ್ಕೆ, ಕಾರ್ಖಾನೆಗಳಲ್ಲಿ 9ರಿಂದ 12ಕ್ಕೆ. ವಾರದ 48 ಗಂಟೆಯ ಮಿತಿ ಬದಲಾಗುವುದಿಲ್ಲ, ಹೆಚ್ಚುವರಿ ದುಡಿಮೆಗೆ ಕಾರ್ಮಿಕರ ಲಿಖಿತ ಒಪ್ಪಿಗೆ ಬೇಕು ಎಂದೂ ಸರ್ಕಾರ ಹೇಳಿತು. ಕೆಲಸ ಕಳೆದುಕೊಳ್ಳುವ ಭಯವಿರುವವನ ಒಪ್ಪಿಗೆಗೆ ಎಷ್ಟು ಬೆಲೆಯೆಂಬುದನ್ನು ಸಂಬಳದ ಪುಸ್ತಕ ನೋಡಿ ಬಲ್ಲವರೆಲ್ಲ ಬಲ್ಲರು.

ಕರ್ನಾಟಕದಲ್ಲಿಯೂ ಮಾಹಿತಿ ತಂತ್ರಜ್ಞಾನ ವಲಯದ ದುಡಿಮೆಯ ಅವಧಿಯನ್ನು ವಿಸ್ತರಿಸುವ ಪ್ರಸ್ತಾವ ಬಂದು ನೌಕರರ ವಿರೋಧ ಎದುರಿಸಿದ್ದನ್ನು ಓದುಗರು ಬಲ್ಲರು. ಅದಕ್ಕೂ ಮೊದಲು, 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಂಸ್ಥಾಪಕ ಎನ್. ಆರ್. ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್. ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಬೆಳಕಿಗೆ ಬಂತು. ಈ 90 ಗಂಟೆಯನ್ನು ಒಮ್ಮೆ ಕಾಗದದ ಮೇಲೆ ಇಳಿಸಿ ನೋಡಿ. ವಾರಕ್ಕೆ 168 ಗಂಟೆ. ದುಡಿಮೆಗೆ 90, ದಿನಕ್ಕೆ ಏಳರಂತೆ ನಿದ್ರೆಗೆ 49, ದಿನಕ್ಕೆ ಮೂರರಂತೆ ಪ್ರಯಾಣಕ್ಕೆ 21. ಉಳಿದದ್ದು ಇಡೀ ವಾರಕ್ಕೆ ಎಂಟು ಗಂಟೆ. ದಿನಕ್ಕೊಂದು ಸಾಮಾಯಿಕಕ್ಕೆ ವಾರಕ್ಕೆ 5 ಗಂಟೆ 36 ನಿಮಿಷ ಬೇಕು. ಇನ್ನುಳಿದ 2 ಗಂಟೆ 24 ನಿಮಿಷಗಳಲ್ಲಿ ಏಳು ದಿನದ ಸ್ನಾನ, ಊಟ, ತಂದೆತಾಯಿಯರ ಯೋಗಕ್ಷೇಮ, ಮಕ್ಕಳ ಮುಖದರ್ಶನ. ಇಂತಹವನಿಗೆ 'ಮನಸ್ಸಿದ್ದರೆ ಸಮಯವಿದೆ' ಎಂದು ಯಾವ ಪ್ರವಚನಕಾರರು ಹೇಳಿಯಾರು?

ದುಡಿಮೆಯ ಅವಧಿ ಆದ್ದರಿಂದ ಕೇವಲ ಕಾರ್ಮಿಕ ಸಂಘಗಳ ವಿಷಯವಲ್ಲ. ಅದು ಧರ್ಮಾಚರಣೆಯ ಸ್ವಾತಂತ್ರ್ಯದ ವಿಷಯವೂ ಹೌದು. ಇಷ್ಟಾದರೂ ನಮ್ಮ ಸಮಾಜ ರಾಜಕೀಯವಾಗಿ ಎಚ್ಚರಗೊಳ್ಳುವುದು ಬೇರೆ ಸಂದರ್ಭಗಳಲ್ಲಿ. 2023ರ ಜನವರಿಯಲ್ಲಿ ಸಮ್ಮೇದ ಶಿಖರ್ಜಿ ಪ್ರವಾಸೋದ್ಯಮದ ತಾಣವಾಗದಿರಲೆಂದು ದೇಶದ ನಗರ ನಗರಗಳಲ್ಲಿ ಜೈನರು ಬೀದಿಗಿಳಿದರು. ಕೇಂದ್ರ ಸರ್ಕಾರ ಮಣಿಯಿತು. 2025ರ ಏಪ್ರಿಲ್‌ನಲ್ಲಿ ವಿಲೇ ಪಾರ್ಲೆಯ ಪಾರ್ಶ್ವನಾಥ ದಿಗಂಬರ ಜಿನಾಲಯವನ್ನು ಮಹಾನಗರಪಾಲಿಕೆ ಕೆಡವಿದಾಗ ಸಾವಿರಾರು ಜನ ಮೆರವಣಿಗೆಯಲ್ಲಿ ನಡೆದರು. ಅದೇ ವರ್ಷ ನಾಂದಣಿ ಮಠದ ಆನೆ ಮಹಾದೇವಿಯನ್ನು ಗುಜರಾತಿನ ವಂತಾರಾಕ್ಕೆ ಒಯ್ದಾಗ ಜನ ಕೊಲ್ಹಾಪುರದವರೆಗೆ ಪಾದಯಾತ್ರೆ ಮಾಡಿದರು. ಈ ಹೋರಾಟಗಳ ಹಿಂದಿನ ನೋವನ್ನು ನಾನು ಗೌರವಿಸುತ್ತೇನೆ. ಬಸದಿಗಾಗಿ, ತೀರ್ಥಕ್ಕಾಗಿ ಒಂದು ಇಡೀ ದಿನ ಕೊಡಬಲ್ಲ ಸಮಾಜ ನಮ್ಮದೆಂಬುದು ಅವುಗಳಿಂದ ಸಿದ್ಧವಾಯಿತು. ಆದರೆ ಬಸದಿಯ ಗೋಡೆಯನ್ನು ಉಳಿಸಿಕೊಂಡು, ಅದರೊಳಗೆ ಕುಳಿತುಕೊಳ್ಳಬೇಕಾದ ಮನುಷ್ಯನ ಸಂಜೆಯನ್ನು ಬಿಟ್ಟುಕೊಟ್ಟರೆ ಉಳಿಸಿದ್ದಾದರೂ ಏನನ್ನು?

2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತರೆಂದು ಅಧಿಸೂಚಿಸಿತು. ಮನವಿಪತ್ರ ಸಲ್ಲಿಸುವ ಕಲೆಯನ್ನು ನಮ್ಮ ಸಂಘಟನೆಗಳು ಅಲ್ಲಿಂದೀಚೆಗೆ ಚೆನ್ನಾಗಿ ಕಲಿತಿವೆ. ದುಡಿಮೆಯ ಅವಧಿಯ ಬಗೆಗೆ ಒಂದು ಮನವಿಪತ್ರ ಏಕೆ ಹೊರಡಬಾರದು? ಜೈನರೆಂದರೆ ಮಾಲೀಕರು ಎಂದು ರಾಜಕೀಯ ಪಕ್ಷಗಳು ಗ್ರಹಿಸಿರುವುದು ಒಂದು ಕಾರಣ. ನಾವೂ ಹಾಗೆಯೇ ಗ್ರಹಿಸಿಕೊಂಡಿರುವುದು ಇನ್ನೊಂದು. ಬೆಳಗಾವಿ, ಕೊಲ್ಹಾಪುರ, ಸಾಂಗ್ಲಿ ಕಡೆಯ ನಮ್ಮ ಜನರಲ್ಲಿ ಬಹುಪಾಲು ಒಕ್ಕಲುಮಕ್ಕಳು. ಅವರ ಮಕ್ಕಳು ಇಂದು ಪುಣೆ, ಮುಂಬೈ, ಹೈದರಾಬಾದುಗಳಲ್ಲಿ ಸಂಬಳಕ್ಕೆ ದುಡಿಯುತ್ತಿದ್ದಾರೆ. ಹತ್ತು, ಹನ್ನೆರಡು ಗಂಟೆಯ ಕಾನೂನು ಇವರ ಹೆಗಲ ಮೇಲೆಯೂ ಬೀಳುತ್ತದೆ.

ಎರಡು ಆಕ್ಷೇಪಗಳು

ಈ ವಾದಕ್ಕೆ ಎದುರಾಗುವ ಮೊದಲ ಆಕ್ಷೇಪ ನಮ್ಮ ಸಾಹಿತ್ಯದಿಂದಲೇ ಬರುತ್ತದೆ. ರತ್ನಾಕರವರ್ಣಿಯ 'ಭರತೇಶ ವೈಭವ'ದ ಚಕ್ರವರ್ತಿ ಅರಮನೆಯಲ್ಲಿದ್ದೂ ಯೋಗಿ. ಷಟ್ಖಂಡವನ್ನು ಆಳುತ್ತಲೇ ಆತ್ಮಧ್ಯಾನ ಸಾಧಿಸಿದ ಅವನು ದೀಕ್ಷೆ ಪಡೆದ ಅಂತರ್ಮುಹೂರ್ತದಲ್ಲಿ, ಅಂದರೆ 48 ನಿಮಿಷವೂ ಪೂರೈಸುವ ಮೊದಲೇ, ಕೇವಲಜ್ಞಾನಿಯಾದ. ಅವನ ತಮ್ಮ ಬಾಹುಬಲಿಯಾದರೋ ವರ್ಷಪೂರ್ತಿ ನಿಂತ. ಆದ್ದರಿಂದ ಗಂಟೆಗಳ ಲೆಕ್ಕ ವ್ಯರ್ಥ, ಭಾವವಿದ್ದರೆ ದುಡಿಮೆಯ ನಡುವೆಯೇ ಧ್ಯಾನವಾದೀತು ಎನ್ನುವವರಿದ್ದಾರೆ. ಭಾವವೇ ಮುಖ್ಯವೆಂಬುದು ಒಪ್ಪತಕ್ಕ ಮಾತು. ಆದರೆ ಆ ಕಾವ್ಯವನ್ನು ಓದಿದವರು ಭರತನ ದಿನಚರಿಯನ್ನೂ ಓದಿರಬೇಕು. ಆತ ಪೂಜೆಯನ್ನು ಬಿಟ್ಟವನಲ್ಲ. ಮುನಿಗಳ ಆಹಾರಕ್ಕಾಗಿ ತಾನೇ ಅರಮನೆಯ ಮುಂದೆ ನಿಂತು ಕಾದವನು. ತನ್ನ ಕಾಲದ ಮೇಲೆ ತನಗೆ ಅಧಿಕಾರವಿದ್ದ ಸಾರ್ವಭೌಮನ ಉದಾಹರಣೆಯನ್ನು, ಶೌಚಾಲಯಕ್ಕೆ ಹೋಗಲೂ ಮೇಲ್ವಿಚಾರಕನ ಮುಖ ನೋಡಬೇಕಾದ ನೌಕರನಿಗೆ ಬೋಧಿಸುವುದು ನ್ಯಾಯವಲ್ಲ.

ಎರಡನೆಯ ಆಕ್ಷೇಪ ವ್ಯಾಪಾರದ್ದು. ಪಕ್ಕದ ಅಂಗಡಿ ರಾತ್ರಿ ಹನ್ನೊಂದಕ್ಕೆ ಮುಚ್ಚುವಾಗ ನಾನು ಎಂಟಕ್ಕೆ ಮುಚ್ಚಿದರೆ ಗಿರಾಕಿ ಅತ್ತ ಹೋಗುತ್ತಾನೆ. ಗಡುವು ವಿಧಿಸುವುದು ಸರ್ಕಾರ, ನಾನಲ್ಲ. ಈ ಆಕ್ಷೇಪಕ್ಕೆ ತೂಕವಿದೆ. ಒಬ್ಬನೇ ಒಳ್ಳೆಯವನಾಗಹೊರಟರೆ ನಷ್ಟ ಅನುಭವಿಸಬೇಕಾಗುತ್ತದೆ. ಅದಕ್ಕಾಗಿಯೇ ಕಾನೂನಿನ ಮಿತಿ ಎಲ್ಲರಿಗೂ ಸಮಾನವಾಗಿ ಬೇಕೆನ್ನುವುದು. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿದ್ದೂ ಇದೇ ತರ್ಕದಿಂದ. ಎಲ್ಲರಿಗೂ ಒಂದೇ ಗೆರೆ ಎಳೆದಾಗ ಧರ್ಮಿಷ್ಠ ಮಾಲೀಕ ತನ್ನ ಧರ್ಮಕ್ಕೆ ದಂಡ ತೆರಬೇಕಾಗುವುದಿಲ್ಲ. ಮಿತಿ ಸಡಿಲವಾದಷ್ಟೂ ಮೊದಲು ಸೋಲುವವನು ಅವನೇ. ಹಾಗಿದ್ದರೂ ಕಾನೂನು ಬರುವವರೆಗೆ ಕಾಯಬೇಕೆಂಬುದು ನೆಪ. ಬೇರುತರಕಾರಿ ತಿನ್ನಬಾರದೆಂದು ಯಾವ ಸರ್ಕಾರವೂ ನಮಗೆ ಕಾನೂನು ಮಾಡಿಲ್ಲ, ನಾವೇ ಪಾಲಿಸುತ್ತಿದ್ದೇವೆ.

ಬಸದಿಯ ಪಾಲು

ಬಸದಿಗಳ ಆಡಳಿತ ಮಂಡಳಿಗಳೂ ತಮ್ಮ ಪಾಲನ್ನು ಒಪ್ಪಿಕೊಳ್ಳಬೇಕು. ನಗರದ ಅನೇಕ ಬಸದಿಗಳು ತೆರೆದಿರುವ ಹೊತ್ತು ನಿವೃತ್ತರ ಅನುಕೂಲಕ್ಕೆ ತಕ್ಕದ್ದಾಗಿದೆ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆದರೆ ಏಳೂವರೆಯ ರೈಲು ಹಿಡಿಯುವವನು ಯಾವಾಗ ದರ್ಶನ ಮಾಡಬೇಕು? ರಾತ್ರಿ ಎಂಟಕ್ಕೆ ಆರತಿ ಮುಗಿಸಿ ಬೀಗ ಹಾಕಿದರೆ ಎಂಟೂವರೆಗೆ ಬಂದವಳು ಹೊರಗೆ ನಿಂತು ಕೈಮುಗಿಯಬೇಕು. ಶಾಸ್ತ್ರಸಭೆಗೆ ಮಧ್ಯಾಹ್ನ ಮೂರು ಗಂಟೆ ಗೊತ್ತುಮಾಡಿ, ತರುಣರು ಬರುವುದಿಲ್ಲವೆಂದು ದೂರುವುದು ಯಾವ ಲೆಕ್ಕ?

ಇದಕ್ಕೆ ಹರಾಜಿನ ಹೊತ್ತನ್ನೂ ಸೇರಿಸಬೇಕು. ನಮ್ಮ ಕಡೆಯವರು ಸವಾಲು ಎನ್ನುವ, ಇಲ್ಲಿಯವರು ಬೋಲಿ ಎನ್ನುವ ಪದ್ಧತಿಯ ಗುಣದೋಷಗಳ ಚರ್ಚೆ ಬೇರೆ. ಸಮಯದ ದೃಷ್ಟಿಯಿಂದಷ್ಟೇ ನೋಡಿದರೂ, ಪ್ರಥಮ ಕಲಶ ಯಾರದೆಂದು ನಿರ್ಣಯವಾಗುವವರೆಗೆ ಇಡೀ ಸಭೆ ಕಾಯಬೇಕಾಗುತ್ತದೆ. ಧ್ವನಿವರ್ಧಕದಲ್ಲಿ ಅಂಕೆ ಏರುತ್ತಿರುವಾಗ ಇನ್ನೂರು ಜನ ಒಂದು ಗಂಟೆ ಕುಳಿತರೆ ಖರ್ಚಾದದ್ದು ಇನ್ನೂರು ಗಂಟೆ, ಅಂದರೆ 250 ಮುಹೂರ್ತ. ಆ ಹಣ ಬಸದಿಯ ಲೆಕ್ಕದಲ್ಲಿ ಜಮೆಯಾಗುತ್ತದೆ. ಈ ಸಮಯ ಯಾವ ಪುಸ್ತಕದಲ್ಲಿಯೂ ಖರ್ಚು ಬೀಳುವುದಿಲ್ಲ.

ಮಾಡಬಹುದಾದದ್ದು

ದೂರಿನಲ್ಲಿಯೇ ನಿಲ್ಲಬಾರದೆಂದು ಕೆಲವು ಸಲಹೆಗಳನ್ನು ಸಮಾಜದ ಮುಂದೆ ಇಡುತ್ತೇನೆ.

ಮನೆಯಲ್ಲಿ ಸಾಮಾಯಿಕದ ಸಂಕಲ್ಪ ಒಬ್ಬರದಾಗದೆ ಕುಟುಂಬದ್ದಾಗಲಿ. ಮೊದಲ ಮುಹೂರ್ತವನ್ನು ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಬಿಡುವುಳ್ಳವರಿಗೆ ಕೊಡಬೇಕು. ಸಾಮಾನ್ಯವಾಗಿ ಅದು ಸೊಸೆ ಅಥವಾ ತಾಯಿ. ಆ 48 ನಿಮಿಷ ಒಲೆ, ಮಗು, ಬಾಗಿಲ ಗಂಟೆ, ವೃದ್ಧರ ಔಷಧಿ ಇವುಗಳನ್ನು ಇನ್ನೊಬ್ಬರು ನೋಡಿಕೊಳ್ಳಲಿ. ನೀರು ಸೋಸುವುದನ್ನೂ ಧಾನ್ಯ ಆರಿಸುವುದನ್ನೂ ಗಂಡಸರು ಕಲಿಯಲಿ. ಅಹಿಂಸೆಯ ಪಾಲನೆಯಲ್ಲಿ ಅದಕ್ಕೆ ಅಭಿಷೇಕದಷ್ಟೇ ಸ್ಥಾನವಿದೆ.

ಅಂಗಡಿ ಮತ್ತು ಕಚೇರಿಗಳ ಮಾಲೀಕರಾದ ಶ್ರಾವಕರು ಬರುವ ದಶಲಕ್ಷಣದಲ್ಲಿ ಉಪವಾಸದ ನಿಯಮದ ಜೊತೆಗೆ ಒಂದು ನಿಯಮವನ್ನು ಹೆಚ್ಚಾಗಿ ಸ್ವೀಕರಿಸಲಿ: ಆ ಹತ್ತು ದಿನ ಯಾವ ನೌಕರನನ್ನೂ ಗೊತ್ತಾದ ಹೊತ್ತಿಗಿಂತ ಮಿಗಿಲಾಗಿ ದುಡಿಸಿಕೊಳ್ಳುವುದಿಲ್ಲ, ಕೆಲಸದ ಹೊತ್ತು ಮುಗಿದ ಮೇಲೆ ಯಾರಿಗೂ ಸಂದೇಶ ಕಳುಹಿಸುವುದಿಲ್ಲ. ಮಹಾರಾಷ್ಟ್ರದಲ್ಲಿ ಗಣೇಶೋತ್ಸವದ ಹತ್ತು ದಿನಗಳೂ ನಮ್ಮ ಪರ್ವದ ದಿನಗಳೂ ಬಹುತೇಕ ಒಂದೇ. ಅಂಗಡಿಯ ಹುಡುಗ ಸಂಜೆ ತನ್ನ ಗಣಪತಿಯ ಆರತಿಗೆ ಮನೆಯಲ್ಲಿದ್ದರೆ ಅದು ಮಾಲೀಕನ ಉತ್ತಮ ತಪಸ್ಸಿಗೆ ಪೂರಕವೇ ಆದೀತು. ಹತ್ತು ದಿನ ಸಾಧ್ಯವಾದದ್ದು ಹನ್ನೊಂದನೆಯ ದಿನವೂ ಅಸಾಧ್ಯವಲ್ಲವೆಂಬುದು ಆಗ ತಾನಾಗಿಯೇ ತಿಳಿಯುತ್ತದೆ.

ಬಸದಿಗಳು ವಾರದಲ್ಲಿ ಕೆಲವು ದಿನವಾದರೂ ಬೆಳಿಗ್ಗೆ ಐದೂವರೆಗೆ ತೆರೆಯಲಿ, ರಾತ್ರಿ ಒಂಬತ್ತೂವರೆಯವರೆಗೆ ಸ್ವಾಧ್ಯಾಯಕ್ಕೆ ಅವಕಾಶವಿರಲಿ. ಅದಕ್ಕಾಗಿ ಅರ್ಚಕರನ್ನೂ ಕಾವಲುಗಾರನನ್ನೂ ಹೆಚ್ಚು ದುಡಿಸಬಾರದು. ಶ್ರಾವಕರೇ ಸರದಿಯಂತೆ ಬೀಗದ ಕೈ ವಹಿಸಿಕೊಳ್ಳಲಿ. ಸವಾಲು ನಡೆಯಲೇಬೇಕಾದರೆ ಹಿಂದಿನ ದಿನವೇ ಮುಚ್ಚಿದ ಲಕೋಟೆಯಲ್ಲಿ ಬರೆದುಕೊಡಲಿ, ಪೂಜೆಯ ಹೊತ್ತು ಪೂಜೆಗೇ ಇರಲಿ.

ಸಮಾಜದ ಸಂಘಟನೆಗಳು ತೀರ್ಥರಕ್ಷಣೆಯ ಮನವಿಪತ್ರಗಳ ಸಾಲಿನಲ್ಲಿಯೇ ದುಡಿಮೆಯ ಮಿತಿಯ ಮನವಿಪತ್ರವನ್ನೂ ಮುಖ್ಯಮಂತ್ರಿಗಳಿಗೆ ಸಲ್ಲಿಸಲಿ. ಚುನಾವಣೆಯಲ್ಲಿ ಮತ ಕೇಳಲು ಬಸದಿಯ ಅಂಗಳಕ್ಕೆ ಬರುವ ಅಭ್ಯರ್ಥಿಗಳಿಗೆ ಜಾಗ, ಅನುದಾನ, ರಸ್ತೆಯ ಹೆಸರುಗಳ ಬೇಡಿಕೆ ಇಡುವ ನಾವು, 'ನಮ್ಮ ಮಕ್ಕಳ ಸಂಜೆಯ ಬಗೆಗೆ ನಿಮ್ಮ ಪಕ್ಷದ ನಿಲುವೇನು?' ಎಂದೂ ಕೇಳಬೇಕು.

ಸಾಮಾಯಿಕವು ಸರ್ವಜೀವಗಳಲ್ಲಿ ಸಮಭಾವವನ್ನು ಕಲಿಸುವ ವ್ರತ. ಸೊಸೆಯೂ, ಅಂಗಡಿಯ ಹುಡುಗನೂ, ಆರ್ಟಿಕಲ್‌ಶಿಪ್‌ನ ವಿದ್ಯಾರ್ಥಿಯೂ ಆ ಸರ್ವಜೀವಗಳಲ್ಲಿ ಸೇರಿದವರು. ಸಣ್ಣ ತ್ರಸಜೀವಿಗಾಗಿ ನೀರನ್ನು ಸೋಸುವ ಸಮಾಜ ಪಂಚೇಂದ್ರಿಯ ಮನುಷ್ಯನ ದಿನವನ್ನು ಸೋಸದೆ ಕುಡಿಯಬಾರದು. ಧರ್ಮಕ್ಕೆ ಸಮಯ ಮಾಡಿಕೊಳ್ಳುವ ಕೆಲಸ ಅವರಿಗೆ ಅವರ ಸಮಯವನ್ನು ಮರಳಿಸುವುದರಿಂದ ಆರಂಭವಾಗಲಿ.